ಸಂಡಿಗೆಯ ಕೆಳಗಿದ್ದ ಪ್ರಕಟಣೆ

ನನಗೆ ಅಭಿಪ್ರಾಯಗಳಿಲ್ಲ. ಇದನ್ನು ವಿನಯದಿಂದ ಹೇಳುತ್ತಿಲ್ಲ. ಕಾಯಿಲೆಯವನು ವೈದ್ಯರ ಮುಂದೆ ಹೇಳಿಕೊಳ್ಳುವ ಹಾಗೆ ಹೇಳುತ್ತಿದ್ದೇನೆ. ಒಂದು ಜಿಲ್ಲಾ ಪತ್ರಿಕೆಯ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಉಪಸಂಪಾದಕನಾಗಿ ಕುಳಿತು, ಇತರರ ವರದಿಗಳಲ್ಲಿದ್ದ ಅಭಿಪ್ರಾಯಗಳನ್ನು ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ಎಸೆದೆ. ನಿವೃತ್ತನಾದ ಮೇಲೆ ನೋಡಿಕೊಂಡರೆ ನನ್ನೊಳಗೆ ಒಂದೂ ಉಳಿದಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತೇ ಎಂದು ಹೆಂಡತಿ ಗಿರಿಜಾ ಕೇಳಿದರೆ, ಜಾಸ್ತಿಯಾಗಿದೆ ಎನ್ನುವವರೂ ಇರಬಹುದು, ಅನ್ನ ಹೆಚ್ಚು ಕಲಸಿಕೊಂಡವರು ಬೇರೆ ರೀತಿ ಹೇಳಬಹುದು ಎಂಬ ಧಾಟಿಯಲ್ಲಿ ಉತ್ತರಿಸುತ್ತೇನೆ. ನನ್ನ ತಾಯಿ ಬದುಕಿದ್ದಾಗ ಅತ್ತೆ ಸೊಸೆಯರಿಗೆ ಮಾತು ಬೆಳೆದರೆ ಇಬ್ಬರ ಹೇಳಿಕೆಯನ್ನೂ ಪೂರ್ತಿ ಕೇಳಿ, ಎದ್ದು ಕಚೇರಿಗೆ ಹೋಗಿಬಿಡುತ್ತಿದ್ದೆ. ಆಮೇಲೆ ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರಂತೆ. ಎರಡೂ ಕಡೆಯವರು ಸಮನಾಗಿ ಬೈದರೆ ಸುದ್ದಿ ಸರಿಯಾಗಿ ಬಂದಿದೆ ಎಂದು ಅರ್ಥ. ಇದು ನಮ್ಮ ಕಚೇರಿಯ ಅಳತೆಗೋಲು. ಮನೆಗೆ ಅದನ್ನು ತರಬಾರದಿತ್ತು.

ಇಂಥವನ ಕೈಗೆ ನಮ್ಮ ಬೀದಿಯವರು ಒಂದು ತಕರಾರು ಅರ್ಜಿ ಬರೆಯುವ ಕೆಲಸ ಕೊಟ್ಟರು. ಆಮೇಲೆ ಆದದ್ದಕ್ಕೆ ಹೊಣೆ ಬೀದಿಯದೋ ನನ್ನದೋ ಎಂಬ ಬಗ್ಗೆ ಎರಡು ವಾದಗಳಿವೆ.

ನಮ್ಮದು ಹೊಸಪೇಟೆಯ ಕಾಲುವೆ ಬದಿಯ ಬೀದಿ. ಹೆಚ್ಚೆಂದರೆ ಎರಡಂತಸ್ತಿನ ಸ್ವಂತ ಮನೆಗಳು. ಮಾಳಿಗೆ ಹತ್ತಿದರೆ ಒಂದು ಕಡೆ ಜೋಳದರಾಶಿ ಗುಡ್ಡ, ಇನ್ನೊಂದು ಕಡೆ ದೂರದಲ್ಲಿ ಸಂಡೂರಿನ ಕೆಂಪು ಬೆಟ್ಟಸಾಲು. ಬೀದಿಯ ತುದಿಗೆ ಕಂಪ್ಲಿಯವರೊಬ್ಬರ ಹಳೆಯ ಅಕ್ಕಿ ಗಿರಣಿ, ಅದರ ಮುಂದೆ ಭತ್ತ ಒಣಗಿಸುತ್ತಿದ್ದ ವಿಶಾಲವಾದ ಅಂಗಳ. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಚಿಮಣಿಯಿಂದ ಹೊಟ್ಟಿನ ಕರಿಬೂದಿ ಹಾರಿ ಬಂದು, ಒಣಹಾಕಿದ ಬಿಳಿ ಪಂಚೆಗಳ ಮೇಲೆ ಕೂರುತ್ತಿತ್ತು. ಅದನ್ನು ಮುಚ್ಚಿಸಬೇಕೆಂದು ನಮ್ಮ ಬೀದಿ ಅರ್ಜಿ ಕೊಟ್ಟಿತು. ಕೆಲವು ವರ್ಷಗಳ ನಂತರ ಮಾಲೀಕರ ಮನೆಯೊಳಗಿನ ಪಾಲಿನ ತಕರಾರಿನಿಂದ ಗಿರಣಿ ತಾನೇ ಮುಚ್ಚಿತು. ಅರ್ಜಿಯಿಂದಲೇ ಮುಚ್ಚಿತು ಎಂದು ಬೀದಿ ನಂಬಿತು. ಆ ನಂಬಿಕೆಯ ಬಲದಿಂದ ಮೊಬೈಲ್ ಟವರಿನ ಮೇಲೆ ಒಂದು, ಮೀನಿನ ಅಂಗಡಿಯ ಮೇಲೆ ಒಂದು, ಕಾರು ಕಲಿಸುವ ಶಾಲೆಯ ಮೇಲೆ ಒಂದು ಅರ್ಜಿ ಹೋದವು. ನಮ್ಮ ಬೀದಿಯಲ್ಲಿ ಮನೆಗೊಬ್ಬರಾದರೂ ಅರ್ಜಿಗೆ ಸಹಿ ಹಾಕಿ ಕೈ ಪಳಗಿದವರಿದ್ದಾರೆ.

ಇನ್ನು ವಿಷಯಕ್ಕೆ ಬರುತ್ತೇನೆ. ಒಂದು ಬೇಸಿಗೆಯ ಬೆಳಿಗ್ಗೆ ಗಿರಿಜಾ ಮಾಳಿಗೆಯ ಮೇಲೆ ಅಕ್ಕಿ ಸಂಡಿಗೆ ಹಾಕುತ್ತಿದ್ದಳು. ಪ್ಲಾಸ್ಟಿಕ್ ಹಾಳೆ ಸಾಲದೆ ಅಂಚಿಗೆ ಹಿಂದಿನ ವಾರದ ಪತ್ರಿಕೆ ಹಾಸಿದ್ದಳು. ಸಂಜೆ ಸಂಡಿಗೆ ಎಬ್ಬಿಸುವಾಗ ಒಂದರ ಬೆನ್ನಿಗೆ ಅಕ್ಷರ ಅಂಟಿದ್ದು ಕಂಡು, ಯಾವ ಪುಟವೆಂದು ಬಗ್ಗಿ ಓದಿದಳು. ಅದು ಸಾರ್ವಜನಿಕ ಪ್ರಕಟಣೆ: ಗಿರಣಿ ಇರುವ ಜಾಗವನ್ನು ಕೈಗಾರಿಕಾ ವಲಯದಿಂದ ಎಂಟು ಅಂತಸ್ತಿನವರೆಗಿನ ಬಹುಮಹಡಿ ವಸತಿ ವಲಯಕ್ಕೆ ಬದಲಿಸುವ ಪ್ರಸ್ತಾವವಿದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನಗಳೊಳಗೆ ಸಲ್ಲಿಸಬಹುದು. ಮೂವತ್ತು ವರ್ಷ ಇಂಥ ಪ್ರಕಟಣೆಗಳನ್ನು ಇರುವೆಯಷ್ಟು ಅಕ್ಷರದಲ್ಲಿ ಪುಟದ ಮೂಲೆಗೆ ತುರುಕಿದವನು ನಾನು. ಇವುಗಳನ್ನು ಯಾರೂ ಓದುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ನಾನೇ ಓದಿರಲಿಲ್ಲ.

"ಎಂಟು ಅಂತಸ್ತಂತ. ಅಷ್ಟೆತ್ತರ ಎದ್ದ ಮ್ಯಾಲ ನಮ್ಮ ಮಾಳಿಗಿಗೆ ಬಿಸಲ ಬರಂಗಿಲ್ಲ," ಎಂದಳು ಗಿರಿಜಾ. "ನಿಮಗೇನನ್ಸತೈತಿ?"

ಪ್ರಸ್ತಾವದ ಪೂರ್ಣ ವಿವರ ಇನ್ನೂ ಲಭ್ಯವಿಲ್ಲ ಎಂದೆ. ಅವಳು ಸಂಡಿಗೆಯ ಮೊರ ಎತ್ತಿಕೊಂಡು ಕೆಳಗಿಳಿದುಹೋದಳು.

ಮರುದಿನವೇ ಬೀದಿಯ ವಾಟ್ಸ್ಆ್ಯಪ್ ಗುಂಪು ಹೊತ್ತಿಕೊಂಡಿತು. ಭಾನುವಾರ ಪಂಪಾಪತೆಪ್ಪನವರ ಪಡಸಾಲೆಯಲ್ಲಿ ಸಭೆ. ಪಂಪಾಪತೆಪ್ಪನವರದು ಮೂರು ತಲೆಮಾರಿನ ಕಬ್ಬಿಣ, ಸಿಮೆಂಟಿನ ವ್ಯಾಪಾರ. ಹಣೆಯ ತುಂಬ ವಿಭೂತಿ, ದನಿಯ ತುಂಬ ಅಧಿಕಾರ. ಬೀದಿಯ ಎಲ್ಲ ಸಮಿತಿಗಳಿಗೂ ಅವರೇ ಅಧ್ಯಕ್ಷರು. ಎದುರುಗಡೆಯೇ ಎಂಟಂತಸ್ತು ಎದ್ದರೆ ಊರಲ್ಲಿ ಮೊದಲು ಲಾಭ ಇವರಿಗೇ ಅಲ್ಲವೇ ಎಂದು ಸಭೆಯಲ್ಲಿ ಯಾರೋ ಕೇಳಿದರು. ಅವರು ಸಿಟ್ಟಾಗಲಿಲ್ಲ. "ಕಬ್ಬಿಣ ಮಾರೋದು ಬ್ಯಾರೆ, ಕಬ್ಬಿಣದ ಬಾಜೂಕ ಬಾಳೇ ಮಾಡೋದು ಬ್ಯಾರೆ," ಎಂದರು. ಇಷ್ಟು ನೇರವಾದ ಹೇಳಿಕೆ ನನಗೆ ಮೂವತ್ತು ವರ್ಷದಲ್ಲಿ ಯಾವ ಮಂತ್ರಿಯಿಂದಲೂ ಸಿಕ್ಕಿರಲಿಲ್ಲ.

ಆಕ್ಷೇಪಣೆಗಳು ಒಂದೊಂದಾಗಿ ಬಂದವು. ನಳದ ನೀರು ಈಗಲೇ ಮೂರು ದಿನಕ್ಕೊಮ್ಮೆ, ಅಷ್ಟು ಮನೆ ಬಂದರೆ ವಾರಕ್ಕೊಮ್ಮೆ. ಬೀದಿಯಲ್ಲಿ ಎರಡು ಆಟೊ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಮೇಲಿನ ಅಂತಸ್ತಿನವರು ನಮ್ಮ ಅಂಗಳವನ್ನು ನೋಡುತ್ತಾರೆ. ಇಷ್ಟರವರೆಗೆ ಎಲ್ಲವೂ ನ್ಯಾಯವೇ. ಆಮೇಲೆ ಒಬ್ಬರು, ಗಿರಣಿಯ ಚಿಮಣಿ ನಮ್ಮ ಬೀದಿಯ ಹೆಮ್ಮೆ, ಹಂಪಿಯ ಇಷ್ಟು ಸಮೀಪದಲ್ಲಿರುವ ನಾವು ಅದನ್ನೂ ಸ್ಮಾರಕವೆಂದು ಘೋಷಿಸುವಂತೆ ಕೇಳಬೇಕು ಎಂದರು. ಅದೇ ಚಿಮಣಿಯ ಬೂದಿಯ ಮೇಲೆ ಕೊಟ್ಟ ಅರ್ಜಿಯ ಮೊದಲ ಸಹಿ ಅವರದೇ. ನಾನು ಅದನ್ನು ನೆನಪಿಸಲಿಲ್ಲ. ನೆನಪಿಸುವುದೂ ಒಂದು ಅಭಿಪ್ರಾಯವೇ. ಕೊನೆಗೆ ಎಲ್ಲರ ಮನಸ್ಸಿನಲ್ಲಿದ್ದ ಮಾತು ಪಂಪಾಪತೆಪ್ಪನವರ ಬಾಯಲ್ಲಿ ಬಂತು: ಅಷ್ಟು ಮನೆಗಳಿಗೆ ಬರುವವರು ಯಾರು? ಎಲ್ಲಿಯವರು? ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲರಿಗೂ ಹೆದರಿಕೆ.

ಅರ್ಜಿ ಬರೆಯುವ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಉಪಸಂಪಾದಕನಾಗಿಯೇ ನಿವೃತ್ತನಾದವನು, ಆದರೆ ಬೀದಿ ನನಗೆ ಎಂದೋ ಬಡ್ತಿ ಕೊಟ್ಟಿದೆ. "ಎಡಿಟರ್ ಸಾಹೇಬ್ರ, ನೀವು ಬರೀರಿ, ಉಳಿದದ್ದು ನಾ ನೋಡ್ಕೊಂತೀನಿ," ಎಂದರು ಪಂಪಾಪತೆಪ್ಪ. ಅವರು ನೋಡಿಕೊಂಡ ರೀತಿಯನ್ನು ಇಲ್ಲಿ ದಾಖಲಿಸಬೇಕು. ನಮ್ಮ ಬೀದಿಯಲ್ಲಿ ಸಹಿ ಮೊದಲು, ಅರ್ಜಿ ಆಮೇಲೆ. ಸಂಖ್ಯೆ ಹಾಕಿದ ಖಾಲಿ ಹಾಳೆಗಳು ಸಂಜೆಯೊಳಗೆ ಮನೆಮನೆ ಸುತ್ತಿ ಸಹಿ ತುಂಬಿಕೊಂಡು ಬರುತ್ತವೆ. ಅರ್ಜಿ ಯಾವಾಗ ತಯಾರಾಗುತ್ತದೋ ಆಗ ಅದರ ಬೆನ್ನಿಗೆ ಹೊಲಿಯುವುದು. ಮೀನಿನ ಅಂಗಡಿಯ ಕಾಲದಲ್ಲಿ ಉಳಿದ ಒಂದು ಸಹಿ ಹಾಳೆ ಕಾರು ಶಾಲೆಯ ಅರ್ಜಿಗೆ ಬಳಕೆಯಾಗಿತ್ತು ಎಂಬ ಮಾತಿದೆ, ಖಚಿತಪಟ್ಟಿಲ್ಲ.

ಎರಡು ದಿನ ಕುಳಿತು ನಾಲ್ಕು ಪುಟ ಬರೆದೆ. ಅದನ್ನು ತೆಗೆದುಕೊಂಡು ಹುಲುಗಪ್ಪನ ಅಂಗಡಿಗೆ ಹೋದೆ. ಹುಲುಗಪ್ಪ ನಮ್ಮ ಪತ್ರಿಕೆಯಲ್ಲಿ ಸುದ್ದಿ ಜೋಡಿಸಿ ಪುಟ ಕಟ್ಟುತ್ತಿದ್ದ ಹುಡುಗ. ಹುಡುಗ ಎಂದು ನಾನು ಅನ್ನುತ್ತೇನೆ, ಅವನಿಗೆ ಈಗ ಕಿವಿಯ ಹತ್ತಿರ ನರೆ ಬಂದಿದೆ. ಪತ್ರಿಕೆ ಬಿಟ್ಟ ಮೇಲೆ ತಾಲ್ಲೂಕು ಕಚೇರಿಯ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಊರು ಸಂಡೂರು ತಾಲ್ಲೂಕಿನ ಬಂಡ್ರಿ. ಪ್ರತಿದಿನ ಅಲ್ಲಿಂದ ಬಂದು ಹೋಗುತ್ತಾನೆ, ಸಂಡೂರಿನಲ್ಲಿ ಬಸ್ಸು ಬದಲಿಸಿ. ನನ್ನ ಕೈಬರಹ ಓದಬಲ್ಲವರು ಹೊಸಪೇಟೆಯಲ್ಲಿ ಈಗ ಅವನೊಬ್ಬನೇ.

ಟೈಪು ಮಾಡುತ್ತ ಮೂರನೆಯ ಪುಟಕ್ಕೆ ಬಂದವನು ಕೈ ನಿಲ್ಲಿಸಿದ. ಅಲ್ಲಿ ನಾನು, ಇಂಥ ಕಟ್ಟಡಗಳಿಗೆ ಗುರುತು ಪರಿಚಯವಿಲ್ಲದ ಹೊರಗಿನ ಜನರು ಬಂದು ಸೇರುವರೆಂಬ ಆತಂಕ ನಿವಾಸಿಗಳಲ್ಲಿದೆ ಎಂದು ಬರೆದಿದ್ದೆ. ಅವನು ಪರದೆಯನ್ನೇ ನೋಡುತ್ತ ಹೇಳಿದ:

"ಇದು ನಾನ ಅಲ್ರಿ ಸರ?"

ಏನೆಂದು ಕೇಳಿದೆ. ಗಿರಣಿ ಜಾಗದ ಮಾಲೀಕರ ಕಡೆಯವರು ಸಣ್ಣ ಮನೆಗಳಿಗೆ ಹೆಸರು ಬರೆದುಕೊಳ್ಳುತ್ತಿದ್ದಾರೆ, ತಾನೂ ಬರೆಸಿದ್ದೇನೆ ಎಂದ. ಬಾಡಿಗೆಗಾದರೂ ಸಿಗಲಿ ಎಂದು ನಮ್ಮ ಬೀದಿಯಲ್ಲಿಯೇ ಮೂರು ಕಡೆ ಕೇಳಿದ್ದನಂತೆ. ಮೂರು ಕಡೆಯೂ ಮೇಲಿನ ಮನೆಗೆ ಬೀಗ ಕಾಣುತ್ತಿತ್ತು, ಮೂರು ಕಡೆಯೂ ಖಾಲಿ ಇಲ್ಲ ಎಂದರಂತೆ. ಅವನ ಮಗಳಿಗೆ ಆಗ ನಾಲ್ಕು ವರ್ಷ. ಅವನು ಮೊದಲ ಬಸ್ಸಿಗೆ ಹೊರಡುವಾಗ ಅವಳು ಎದ್ದಿರುವುದಿಲ್ಲ, ಕೊನೆಯ ಬಸ್ಸಿಗೆ ಮನೆ ಮುಟ್ಟುವಾಗ ಮಲಗಿರುತ್ತಾಳೆ. "ಹೋದ ಆದಿತ್ಯವಾರ ಮುಂಜಾನಿ ನನ್ನ ಮಕ ನೋಡಿ ಅವ್ವನ ಸೆರಗಿನ ಹಿಂದ ಹೋಗಿ ನಿಂತ್ಲ್ರಿ. ಯಾರೋ ಬಂದಾರಬೇ ಅಂದ್ಲು," ಎಂದು ನಕ್ಕ. ನಗುವ ಸಂಗತಿಯೆಂದು ಅವನೇ ನಿರ್ಧರಿಸಿದ್ದರಿಂದ ನಾನೂ ನಕ್ಕೆ.

ಆಮೇಲೆ ಅವನು ಮೆಲ್ಲಗೆ ಹೇಳಿದ: "ಇನ್ನೊಂದು ಕಡೆಯವರ ಮಾತು ಎಲ್ಲಿ ಅಂತ ಕೇಳಿ ಪುಟ ನಿಂದ್ರಸ್ತಿದ್ರಿ ಸರ ನೀವು. ಇದ್ರಾಗ ಎಲ್ಲೈತ್ರಿ?"

ಪುಟ ನಿಲ್ಲಿಸುತ್ತಿದ್ದದ್ದು ನಿಜ. ಒಮ್ಮೆ ಯಾವುದೋ ಬಾವಿಯ ಜಗಳದ ಸುದ್ದಿಯಲ್ಲಿ ಎದುರುಪಕ್ಷದ ಹೇಳಿಕೆ ಇಲ್ಲವೆಂದು ಪುಟವನ್ನು ಅಚ್ಚಿಗೆ ಬಿಡದೆ ಹಿಡಿದೆ. ಅದು ಬರುವಷ್ಟರಲ್ಲಿ ಸಂಡೂರಿನ ಕಡೆಯ ಪತ್ರಿಕೆ ವ್ಯಾನು ಹೊರಟುಹೋಯಿತು. ಮರುದಿನ ಒಂದಿಡೀ ತಾಲ್ಲೂಕು ಪತ್ರಿಕೆಯಿಲ್ಲದೆ ಚಹಾ ಕುಡಿಯಿತು. ಆಗ ಜಾಗ ಸಾಲುವುದಿಲ್ಲ, ಬಿಟ್ಟುಬಿಡಿ ಎಂದು ನನ್ನನ್ನು ಬೇಡಿಕೊಂಡವನು ಇದೇ ಹುಲುಗಪ್ಪ. ಈಗ ಅವನೇ ಕೇಳುತ್ತಿದ್ದಾನೆ. ನಾನು ಏನು ಮಾಡಬೇಕಿತ್ತು? ಅರ್ಜಿ ಎಂಬುದು ಸುದ್ದಿಯಲ್ಲ, ಅದರಲ್ಲಿ ಒಂದೇ ಕಡೆ ಇರಬೇಕು, ಇದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಟೈಪು ಮಾಡು ಎಂದು ಅಲ್ಲೇ ನಿಂತು ಹೇಳಿದೆ. ಈ ಕುರಿತು ಮನೆ ಬಯಸುವವರ ನಿಲುವು ಬೇರೆಯೇ ಇದೆ ಎಂದು ಆರಂಭಿಸಿ, ಬಂಡ್ರಿಯಿಂದ ನಿತ್ಯ ಬರುವ ಅಂಗಡಿಯವನ ಬಸ್ಸು, ಅವನ ಮಗಳು, ಬೀಗ ಹಾಕಿದ ಮೂರು ಮೇಲ್ಮನೆಗಳು, ಎಲ್ಲವನ್ನೂ ಒಂದು ಪುಟಕ್ಕೆ ತಂದೆ. ಆಗ ನನ್ನ ಮನಸ್ಸಿಗೆ ಎಷ್ಟೋ ತಿಂಗಳ ನಂತರ ನೆಮ್ಮದಿಯಾಯಿತು. ಸುದ್ದಿ ಪೂರ್ತಿಯಾಗಿತ್ತು.

ಪಂಪಾಪತೆಪ್ಪನವರಿಗೆ ಐದು ಪುಟಗಳನ್ನು ಕೊಟ್ಟು, ಕೊನೆಯ ಪುಟವನ್ನು ಒಮ್ಮೆ ಓದಿನೋಡಿ ಎಂದು ಸ್ಪಷ್ಟವಾಗಿ ಹೇಳಿದೆ. ಇದು ದಾಖಲಾಗಲಿ. ಅವರು ಅರ್ಜಿಯನ್ನು ಕೈಯಲ್ಲಿ ತೂಗಿ ನೋಡಿದರು. "ನೀವು ಬರದದ್ದನ್ನ ನಾವೇನ್ ನೋಡೋದೈತ್ರಿ," ಎಂದು ಸಹಿ ಹಾಳೆಗಳನ್ನು ಸೇರಿಸಿ ಹೊಲಿದರು. ಬೀದಿಯ ಎಲ್ಲ ಮನೆಗಳ ಸಹಿ ಅದರ ಬೆನ್ನಿಗೆ ಬಿತ್ತು. ಒಂದು ಸಹಿ ಇರಲಿಲ್ಲ, ನನ್ನದು. ಬರೆದವನು ಸಹಿ ಹಾಕಬಾರದೆಂಬುದು ನನ್ನ ಇನ್ನೊಂದು ಕಾಯಿಲೆ.

ಆಕ್ಷೇಪಣೆಗಳ ವಿಚಾರಣೆಯ ದಿನ ನಗರ ಯೋಜನಾ ಕಚೇರಿಯ ಸಭಾಂಗಣದಲ್ಲಿ ನಮ್ಮ ಬೀದಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಹೆಂಗಸರು ಮುಂದಿನ ಸಾಲಿನಲ್ಲಿ. ಗಿರಿಜಾ ಒಂದು ಡಬ್ಬಿಯಲ್ಲಿ ಕರಿದ ಸಂಡಿಗೆ ತಂದಿದ್ದಳು, ಬಿಸಿಲಿನ ಪರವಾಗಿ ಸಾಕ್ಷಿಯಾಗಿ. ಅಧಿಕಾರಿ ಒಬ್ಬ ಮಹಿಳೆ, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಮಾತಾಡುವವರು. ಅರ್ಜಿಯನ್ನು ತಾವೇ ಗಟ್ಟಿಯಾಗಿ ಓದತೊಡಗಿದರು. ನೀರಿನ ಭಾಗಕ್ಕೆ ಬೀದಿ ತಲೆಯಾಡಿಸಿತು. ರಸ್ತೆಯ ಭಾಗಕ್ಕೆ ಹೌದು ಹೌದು ಎಂದಿತು. ಬಿಸಿಲಿನ ಭಾಗಕ್ಕೆ ಗಿರಿಜಾ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಐದನೆಯ ಪುಟ. ಅಧಿಕಾರಿಯ ದನಿ ನಿಧಾನವಾಯಿತು. ಮಗಳು ಸೆರಗಿನ ಹಿಂದೆ ನಿಂತದ್ದನ್ನು ಓದಿ ಮುಗಿಸಿ, ಕನ್ನಡಕವನ್ನು ಹಣೆಗೆ ಏರಿಸಿದರು.

"ಇದು ಆಕ್ಷೇಪಣೆಯೋ, ಸಮ್ಮತಿಯೋ?" ಎಂದು ಕೇಳಿದರು. "ಇಲ್ಲಿ ನೀವೆಲ್ಲರೂ ಸಹಿ ಹಾಕಿದ್ದೀರಿ."

ಪಂಪಾಪತೆಪ್ಪ ನನ್ನ ಕಡೆ ತಿರುಗಿದರು. ಅವರ ವಿಭೂತಿಯ ಮೂರು ಗೆರೆಗಳೂ ಒಂದಾಗಿದ್ದವು. ಇಡೀ ಬೀದಿ ತಿರುಗಿತು. ನಾನು ಗೋಡೆಯ ಮೇಲಿನ ನಕ್ಷೆಯನ್ನು ಗಮನವಿಟ್ಟು ನೋಡುತ್ತಿದ್ದೆ. ಈ ಬಂಡ್ರಿಯವರು ಯಾರು ಎಂದು ಅಧಿಕಾರಿ ಕೇಳಿದರು. ಹೆಚ್ಚುವರಿ ಜೆರಾಕ್ಸ್ ಪ್ರತಿ ಕೊಡಲು ಬಂದು ಬಾಗಿಲ ಬಳಿ ನಿಂತಿದ್ದ ಹುಲುಗಪ್ಪ, ಶಾಲೆಯಲ್ಲಿ ಹಾಜರಿ ಹೇಳುವಂತೆ ಕೈ ಎತ್ತಿದ.

ಪಂಪಾಪತೆಪ್ಪನವರಿಗೆ ಅವನು ಹೊಸಬನಲ್ಲ. ಅವರ ಅಂಗಡಿಯ ಬಿಲ್ ಪುಸ್ತಕ, ಮಗಳ ಮದುವೆಯ ಕರೆಯೋಲೆ ಎಲ್ಲ ಅವನ ಕೈಯದೇ. "ಲೇ ಹುಲುಗಪ್ಪ," ಎಂದರು, ಗದರಿಸುವ ದನಿ ಅರ್ಧಕ್ಕೆ ನಿಂತಿತು. "ಹೊರಗಿನವ್ರು ಅಂದ್ರ ನೀನೇನಲೇ?"

"ಹೂನ್ರಿ ಯಜಮಾನ್ರ."

"ಮೊದ್ಲ ಹೇಳಬೇಕಿಲ್ಲಲೇ?"

"ನಿಮ್ಮ ಮ್ಯಾಲಿನ ಮನಿ ಕೇಳಾಕ ಬಂದಿದ್ನಲ್ರಿ. ಖಾಲಿ ಇಲ್ಲ ಅಂದ್ರಿ."

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಗಿರಿಜಾ ಎದ್ದು ನಿಂತಳು. ಅವಳು ಮಾತಾಡುತ್ತಾಳೆಂದು ನನಗೆ ಮುನ್ಸೂಚನೆ ಇರಲಿಲ್ಲ. ಮನೆ ಬೇಡವೆಂದು ತಾನು ಸಹಿ ಹಾಕಿಲ್ಲ, ಬಿಸಿಲು ಬೇಕೆಂದು ಹಾಕಿದ್ದೇನೆ ಎಂದಳು. ಅಷ್ಟೆತ್ತರ ಯಾಕೆ, ನಾಲ್ಕು ಅಂತಸ್ತು ಮಾಡಿ, ನಮ್ಮ ಕಡೆ ತಗ್ಗಿಸಿ, ಕಾಲುವೆಯ ಕಡೆ ಎತ್ತರಿಸಿ, ನೀರಿಗೆ ಅವರದೇ ತೊಟ್ಟಿ ಇರಲಿ, ಅವರ ಗೇಟು ದೊಡ್ಡ ರಸ್ತೆಗೆ ಇರಲಿ. ಇಷ್ಟನ್ನೂ ಹೇಳಿ ಅಧಿಕಾರಿಗೆ ಡಬ್ಬಿಯ ಮುಚ್ಚಳ ತೆಗೆದುಕೊಟ್ಟಳು. ನಾಲ್ಕು ಪುಟಗಳಲ್ಲಿ ನಾನು ಹೇಳಲಾಗದ್ದನ್ನು ಅವಳು ಸಂಡಿಗೆ ಮೆತ್ತಗಾಗುವುದರೊಳಗೆ ಹೇಳಿದಳು. ಅಧಿಕಾರಿ ಬರೆದುಕೊಂಡರು. ಒಂದು ಸಂಡಿಗೆಯನ್ನು ತಿಂದರು. ಅದು ಆದೇಶದಲ್ಲಿ ಬಂದಿಲ್ಲ.

ಕೆಲವು ತಿಂಗಳ ನಂತರ ಬಂದ ಆದೇಶ ಹೆಚ್ಚುಕಡಿಮೆ ಗಿರಿಜಾ ಹೇಳಿದಂತೆಯೇ ಇತ್ತು. ನಮ್ಮ ಕಡೆ ತಗ್ಗು, ಕಾಲುವೆಯ ಕಡೆ ಎತ್ತರ, ಬೇರೆ ತೊಟ್ಟಿ, ಬೇರೆ ಗೇಟು. ಪಂಪಾಪತೆಪ್ಪನವರು ಇದು ಹೋರಾಟಕ್ಕೆ ಸಂದ ಜಯವೆಂದು ಗುಂಪಿನಲ್ಲಿ ಹಾಕಿದರು. ಮಾಲೀಕರು ಇದು ತಮ್ಮ ಪ್ರಸ್ತಾವಕ್ಕೆ ಸಿಕ್ಕ ಒಪ್ಪಿಗೆಯೆಂದು ಗಿರಣಿಯ ಗೇಟಿಗೆ ಫಲಕ ಕಟ್ಟಿದರು. ಎರಡೂ ಕಡೆಯವರು ನನ್ನನ್ನು ಬೈದರು. ಎಲ್ಲವೂ ಸರಿಯಾಗಿ ನಡೆದಿದೆ ಎಂದು ನನಗೆ ಖಾತ್ರಿಯಾಯಿತು. ಪಾಯ ಹಾಕುವ ಕೆಲಸಕ್ಕೆ ಕಬ್ಬಿಣ ಯಾರ ಅಂಗಡಿಯಿಂದ ಬಂತೆಂದು ನೀವು ಊಹಿಸಬಹುದು.

ಆದರೆ ಕಟ್ಟಡ ಏಳಲು ವರ್ಷಗಳೇ ಬೇಕು, ಮಗು ಅಷ್ಟು ದಿನ ಕಾಯುವುದಿಲ್ಲ. ಇದು ನನಗೆ ಹೊಳೆದ ವಿಚಾರ ಎಂದು ಬರೆಯಲು ಆಸೆಯಿದೆ, ಹೊಳೆದದ್ದು ಗಿರಿಜಾಳಿಗೆ. ನಮ್ಮ ಮೇಲಿನ ಮನೆಯಲ್ಲಿ ನಾನು ಮೂವತ್ತು ವರ್ಷದ ಪತ್ರಿಕೆಗಳನ್ನು ಕಟ್ಟು ಕಟ್ಟಿ ಇಟ್ಟಿದ್ದೆ. ಹುಲುಗಪ್ಪ ಆ ಮೂರು ಕಡೆ ಕೇಳಿದವನು ನಮ್ಮನ್ನು ಯಾಕೆ ಕೇಳಲಿಲ್ಲ ಎಂದು ಆಮೇಲೆ ವಿಚಾರಿಸಿದಾಗ, ಅಲ್ಲಿ ಈಗಾಗಲೇ ಪೇಪರುಗಳು ವಾಸವಾಗಿವೆ ಎಂದು ಗೊತ್ತಿತ್ತು ಎಂದ. ಬೀಗ ಹಾಕಿದ ಮೇಲ್ಮನೆಗಳ ಬಗ್ಗೆ ಅರ್ಜಿಯಲ್ಲಿ ಬರೆದವನ ನೆತ್ತಿಯ ಮೇಲೆಯೇ ನಾಲ್ಕನೆಯದು ಇತ್ತು. ಅದನ್ನು ವರದಿಗಾರ ಬಿಟ್ಟಿದ್ದ. ಗಿರಿಜಾ ಒಂದು ವಾರದಲ್ಲಿ ಆ ಕಟ್ಟುಗಳನ್ನು ಕೆಳಗಿಳಿಸಿದಳು. ನಿಮಗೇನನಿಸುತ್ತದೆ ಎಂದು ಈ ಸಲ ಕೇಳಲಿಲ್ಲ. ಅರ್ಧ ರದ್ದಿಗೆ ಹೋದವು, ಅರ್ಧ ಮುಂದಿನ ಹತ್ತು ಬೇಸಿಗೆಯ ಸಂಡಿಗೆಗೆಂದು ಅಟ್ಟಕ್ಕೆ ಹೋದವು. ಹುಲುಗಪ್ಪ, ಅವನ ಹೆಂಡತಿ ಗಂಗಮ್ಮ, ಮಗಳು ಮೇಲೆ ಬಂದರು. ಮಗು ಈಗ ಅವನ ಸೈಕಲ್ ಗಂಟೆಯ ಸದ್ದಿಗೆ ಮೆಟ್ಟಿಲಿಳಿದು ಓಡುತ್ತದೆ. ಅರೆ ಒಣಗಿದ ಸಂಡಿಗೆ ಕದ್ದು ತಿನ್ನುವುದರಲ್ಲಿ ಗಿರಿಜಾಳ ಶಿಷ್ಯೆ.

ಹೋದ ವಾರ ಹುಲುಗಪ್ಪ ಸಂಕೋಚದಿಂದ ಕೆಳಗೆ ಬಂದ. ಪಂಪಾಪತೆಪ್ಪನವರು ಬೀದಿಯ ಮೂಲೆಯಲ್ಲಿರುವ ತಮ್ಮ ಸಿಮೆಂಟಿನ ಗೋದಾಮನ್ನು ಕಲ್ಯಾಣ ಮಂಟಪ ಮಾಡಲು ಅನುಮತಿ ಕೇಳಿದ್ದಾರೆ, ಪ್ರಕಟಣೆ ಬಂದಿದೆ ಎಂದ. ಗಿರಣಿ ಜಾಗದಲ್ಲಿ ಮನೆಗೆ ಹೆಸರು ಬರೆಸಿದವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದಾರಂತೆ. ಕಟ್ಟಡಕ್ಕೆ ಇನ್ನೂ ಗೋಡೆ ಬಂದಿಲ್ಲ, ಆಕ್ಷೇಪಣೆಗೆ ಸಹಿ ಹಾಳೆ ಬಂದಿದೆ. ಅರ್ಜಿ ನೀವೇ ಬರೆಯಬೇಕು ಎಂದ.

"ಇನ್ನೊಂದು ಕಡೆಯವರ ಮಾತು?" ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಈ ಸಲ ಜಾಗ ಸಾಲಂಗಿಲ್ರಿ ಸರ."

ಅವನಿಗೆ ಬುದ್ಧಿ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ, ಆ ಗೋದಾಮು ನಾನು ಮಧ್ಯಾಹ್ನ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಇದೆ ಎಂಬ ಸಂಗತಿ ನೆನಪಾಯಿತು. ಬ್ಯಾಂಡು, ಧ್ವನಿವರ್ಧಕ, ಪಟಾಕಿ, ಪರವೂರಿನ ನೆಂಟರ ಬಸ್ಸು. ಪೆನ್ನು ತೆಗೆದುಕೊಂಡವನು ಒಂದೇ ಉಸಿರಿಗೆ ಎರಡು ಪುಟ ಬರೆದೆ. ಒಂದೂ ಮೂಲವಿಲ್ಲ, ಒಬ್ಬರ ಹೇಳಿಕೆಯೂ ಇಲ್ಲ, ಎಲ್ಲ ನನ್ನ ಸ್ವಂತ ಅಭಿಪ್ರಾಯ. ಬಹಳ ಗಟ್ಟಿ ಅಭಿಪ್ರಾಯಗಳು. ಇಷ್ಟು ವರ್ಷ ಎಲ್ಲಿದ್ದವೋ. ಸಹಿ ಹಾಳೆಯಲ್ಲಿ ಮೊದಲ ಸಂಖ್ಯೆಯ ಮುಂದೆ ನನ್ನ ಹೆಸರನ್ನೂ ಬರೆದೆ.

ಗಿರಿಜಾ ಸಂಡಿಗೆಯ ಮೊರ ಪಕ್ಕಕ್ಕಿಟ್ಟು ಎರಡೂ ಪುಟ ಓದಿದಳು. ಚೆನ್ನಾಗಿದೆ ಎಂದಳು. ಆಮೇಲೆ ಹಿಂದೆ ತಿರುವಿ, ಮುಂದೆ ತಿರುವಿ, ಏನೋ ಕಳೆದುಹೋದವಳಂತೆ ಹುಡುಕಿದಳು.

"ಪಂಪಾಪತೆಪ್ಪನವ್ರ ಮಾತು ಎಲ್ಲೈತ್ರಿ?"

ನಾನು ಅರ್ಜಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಅವರ ಮನೆಗೆ ಹೋಗಲು ಚಪ್ಪಲಿ ಹುಡುಕಿದೆ.